ಇಸ್ತ್ರಿಗೆ ಬಂದ ಗುರುತು

ಅಣ್ಣ ತಂಗಿ ಆಡಿಕೊಂಡದ್ದೆಲ್ಲ ಕೊನೆಗೆ ಇವಳ ಇಸ್ತ್ರಿಯ ಕೆಳಗೇ ಬರುತ್ತಿತ್ತು. ಗಂಡ ಬಟ್ಟೆ ಕತ್ತರಿಸುತ್ತಿದ್ದ, ನಾದಿನಿ ಹೊಲಿಯುತ್ತಿದ್ದಳು, ಇವಳ ಪಾಲಿಗೆ ಇಸ್ತ್ರಿ ಮೇಜು. ಬಟ್ಟೆಯ ಒಳಮೈಯಲ್ಲಿ ಅಳತೆಯ ಗೆರೆಗಳ ಪಕ್ಕ ಸೀಮೆಸುಣ್ಣದಲ್ಲಿ ಇನ್ನೇನೋ ಇರುತ್ತಿತ್ತು: ಕೊಕ್ಕೆ, ಜೋಡಿ ಗೆರೆ, ಹೊಟ್ಟೆಯೊಳಗೆ ಚುಕ್ಕೆ ಇಟ್ಟುಕೊಂಡ ಸೊನ್ನೆ. ಅವರಿಬ್ಬರೂ ಚಿಕ್ಕಂದಿನಲ್ಲಿ ಕಟ್ಟಿಕೊಂಡ ಭಾಷೆಯ ಲಿಪಿ ಅದು. ಗುರುತಿಗೆ ಅರ್ಥವಿದೆ, ಸದ್ದಿಲ್ಲ, ಬಾಯಲ್ಲಿ ಆಡಲು ಬರುವುದಿಲ್ಲ ಎಂದು ಮದುವೆಯ ಹೊಸತರಲ್ಲಿ ಗಂಡ ನಗುತ್ತ ಹೇಳಿದ್ದ. ಕಲಿಸಿಕೊಡಿ ಎಂದದ್ದಕ್ಕೆ, ಅದೆಲ್ಲ ಹುಡುಗಾಟ ಎಂದು ಮಾತು ತೇಲಿಸಿದ್ದ.

ಹುಡುಗಾಟವಾದರೆ ಈಗಲೂ ಏಕೆ ಬರೆಯಬೇಕು? ಅದರಲ್ಲೂ ಒಂದು ಗುರುತು ಇವಳ ತಲೆಯಲ್ಲಿ ಹುಳ ಬಿಟ್ಟಿತ್ತು. ಉದ್ದನೆಯ ಗೆರೆ, ತುದಿಗೆ ಎರಡು ಹಲ್ಲು. ಇವಳು ಒಳಗೆ ಕಾಲಿಟ್ಟರೆ ಸಾಕು, ನಾದಿನಿಯ ಕೈ ಅದನ್ನು ಗೀಚುತ್ತಿತ್ತು. ಆಮೇಲೆ ಇಬ್ಬರೂ ತುಟಿಪಿಟಕ್ಕೆನ್ನದೆ ತಲೆ ತಗ್ಗಿಸುತ್ತಿದ್ದರು. ತನ್ನ ಹೆಸರೇ ಇರಬೇಕು, ಇಲ್ಲವೇ ಹೆಸರಿಗಿಂತ ಕೆಟ್ಟದ್ದು. ಗುಂಡಿ ಮಾರಲು ಬಂದವನು ಬೇರೆ, "ನಿಮ್ಮನೇಲಿ ಜಗಳಾನೂ ಸೀಮೆಸುಣ್ಣದಲ್ಲೇನಾ ಅಕ್ಕಾ?" ಎಂದು ನಕ್ಕು ಹೋಗಿದ್ದ. ಜಗಳವಾದರೂ ವಾಸಿ. ಈ ಮನೆಯಲ್ಲಿ ತಾನು ಯಾರೆಂದೇ ತಿಳಿಯದೆ ಎಷ್ಟು ಕಾಲ ಇರುವುದು?

ಒಂದು ಮಧ್ಯಾಹ್ನ ನಾದಿನಿ ದಾರ ತರಲು ಹೋಗಿದ್ದಳು. ಗಂಡ ನೆಲದ ಮೇಲೆ ಕೂತು, ಏನೋ ಗುನುಗುತ್ತ ಕೋಟಿನ ಬಟ್ಟೆಗೆ ಕತ್ತರಿ ಹಾಕುತ್ತಿದ್ದ. ಇವಳು ಚೂರು ಬಟ್ಟೆಯೊಂದರ ಮೇಲೆ ಆ ಗುರುತು ಬರೆದು, ಹಿಂದಿನಿಂದ ಅವನ ಮುಂದೆ ಸರಿಸಿದಳು.

ಗುನುಗು ನಿಂತಿತು. ಅವನು ತಿರುಗಿ ನೋಡಲಿಲ್ಲ. ಬೆನ್ನು ಸೆಟೆಯಿತು, ಭುಜಗಳು ಕಿವಿಯವರೆಗೆ ಏರಿದವು. ಒಂದು ಕೈ ಹಿಂಗತ್ತನ್ನು ಮುಚ್ಚಿಕೊಂಡಿತು, ಇನ್ನೊಂದು ಆ ಚೂರನ್ನು ತೊಡೆಯ ಕೆಳಗೆ ತುರುಕಿತು. ತಲೆ ನರೆತ ಗಂಡಸು ಏಟಿಗೆ ಕಾದವನಂತೆ ಕೂತಿದ್ದ.

ಅಷ್ಟರಲ್ಲಿ ನಾದಿನಿ ಬಾಗಿಲಿಗೆ ಬಂದಿದ್ದಳು. ಇವಳು ಗಾಳಿಯಲ್ಲಿ ಬೆರಳಿನಿಂದ ಆ ಗುರುತು ಬರೆದು ತೋರಿಸಿ ಅವಳನ್ನೇ ಕೇಳಿದಳು.

"ಏನಮ್ಮಾ ಆ ಗುರುತು?"

"ಅಪ್ಪ ಬಂದ್ರು ಅಂತ, ಅತ್ತಿಗೆ."

ಮಾವನನ್ನು ಇವಳು ಕಂಡವಳೇ ಅಲ್ಲ. ಹೊಲಿಗೆ ಮಿಷನ್ ಮುಂದೆ ಮಕ್ಕಳು ಮಾತಾಡಿದರೆ ಆತ ಗಜಕೋಲಿನಿಂದ ಕತ್ತಿಗೆ ಬಾರಿಸುತ್ತಿದ್ದನಂತೆ. ಸದ್ದಿಲ್ಲದ ಭಾಷೆ ಹುಟ್ಟಿದ್ದೇ ಹಾಗಂತೆ.

"ಅವರು ಹೋಗಿ ಎಷ್ಟೋ ಕಾಲ ಆಯ್ತಲ್ಲ?"

"ಹೆಜ್ಜೆ ಸಪ್ಪಳ ಕೇಳಿದ್ರೆ ಕೈ ತಾನಾಗೇ ಬರೆದುಬಿಡತ್ತೆ." ನಾದಿನಿ ಕೈಯಲ್ಲಿದ್ದ ದಾರದ ಉಂಡೆ ತಿರುಗಿಸಿದಳು. "ನಿಮಗೇ ಅಂತ ಬೇರೆ ಗುರುತು ನಾವು ಮಾಡ್ಲೇ ಇಲ್ಲ."

ಗಂಡ ಕತ್ತಿನಿಂದ ಕೈ ಇಳಿಸಿದ. ಇವಳ ಮುಖ ನೋಡಲಿಲ್ಲ.

ಮರುದಿನ ಇಸ್ತ್ರಿಗೆ ಬಂದ ಕೋಟಿನ ಒಳಮೈಯಲ್ಲಿ ಎಂದೂ ಕಾಣದ ಗುರುತೊಂದಿತ್ತು. ಸಣ್ಣದು, ಬರೆದು, ಒರೆಸಿ, ಮತ್ತೆ ಬರೆದದ್ದು. ತನ್ನದೋ, ಅಥವಾ ತಾನು ಹಳೆಯದನ್ನು ಕಂಡುಹಿಡಿದೆನೆಂದು ಮಾಡಿಕೊಂಡ ಹೊಸ ಎಚ್ಚರಿಕೆಯೋ? ಆಚೆ ಎರಡು ತಲೆಗಳೂ ಬಗ್ಗಿದ್ದವು. ಮಿಷನ್ ಮಾತ್ರ ಓಡುತ್ತಿರಲಿಲ್ಲ.

ಕೇಳಿದರೆ ಹೇಳುತ್ತಿದ್ದರೇನೋ. ಇವಳು ಕೇಳಲಿಲ್ಲ. ಆ ಗುರುತು ಅಳಿಯದ ಹಾಗೆ ಅದರ ಸುತ್ತ ಇಸ್ತ್ರಿ ಆಡಿಸಿ, ಅಷ್ಟು ಜಾಗವನ್ನು ಸುಕ್ಕಾಗಿಯೇ ಬಿಟ್ಟು, ಕೋಟನ್ನು ಮೊಳೆಗೆ ನೇತುಹಾಕಿದಳು. ಗಿರಾಕಿ ಕೇಳಿದರೆ ನೋಡಿಕೊಂಡರಾಯಿತು.