ಹೊಳೆಯಬಾರದ ತಟ್ಟೆ

ಪುಟ್ಟಿ ಸೂಕ್ಷ್ಮದರ್ಶಕದಿಂದ ಮುಖ ಎತ್ತಿ, ಕಣ್ಣುಜ್ಜಿಕೊಂಡು ಮತ್ತೆ ಬಗ್ಗಿದಳು. ಕತ್ತಲೆಯಾಗಿ ಕಾಣಬೇಕಿದ್ದ ತಟ್ಟೆಯ ತುಂಬ ಹಸಿರು ಚುಕ್ಕೆಗಳು, ಮಿಂಚುಹುಳುಗಳ ಸಂತೆ ನೆರೆದ ಹಾಗೆ. ವೈರಸ್ಸಿಗೆ ಅಂಟುವ ಬಣ್ಣ ಹಾಕಿದ ತಟ್ಟೆ ಹಸಿರು ಹೊಳೆದರೆ ವೈರಸ್ ಇದೆ ಎಂದರ್ಥ.

ಅದು ವೈರಸ್ ಸೋಕಿಸದೆ ಬೇರೆಯಾಗಿ ಬೆಳೆಸಿದ ಸೊಳ್ಳೆಯ ಜೀವಕೋಶಗಳ ತಟ್ಟೆ. ಅವಳ ಪಿಎಚ್.ಡಿ. ಪ್ರಬಂಧ ನಿಂತದ್ದೇ ಅದರ ಮೇಲೆ. ಸೋಂಕಿದ್ದನ್ನೂ ಸೋಂಕದ್ದನ್ನೂ ಅಕ್ಕಪಕ್ಕ ಇಟ್ಟು, ವೈರಸ್ ಸೊಳ್ಳೆಯೊಳಗೆ ಸಾಯದೆ, ಸಾಯಿಸದೆ ಹೇಗೆ ಬಾಳುತ್ತದೆಂದು ತೋರಿಸಬೇಕಿತ್ತು. ಅದೇ ವೈರಸ್ ಮನುಷ್ಯರ ಕೋಶ ಹೊಕ್ಕರೆ ಕೋಶ ಒಡೆದು ಸಾಯುತ್ತದೆ; ಕಳ್ಳ ಬಂದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಸೊಳ್ಳೆಯ ಕೋಶ ಹಾಗಲ್ಲ. ಬಂದವನ ಬಾಲ ಬೆಳೆದಷ್ಟೂ ಕತ್ತರಿಸುತ್ತ, ಹೊರಗೂ ದಬ್ಬದೆ, ಮೂಲೆಯಲ್ಲೊಂದು ಚಾಪೆ ಕೊಟ್ಟು ಮಲಗಿಸಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಕಳ್ಳನಿರುವ ಮನೆಯೂ ಇಲ್ಲದ ಮನೆಯೂ ಒಂದೇ ನೆಮ್ಮದಿ. ಹಾಗಾಗಿಯೇ ಕೋಶ ಬೆಳೆಸುವ ಕೋಣೆಯಲ್ಲಿ ಕಟ್ಟುನಿಟ್ಟು: ಶುದ್ಧ ಕೋಶ ಮೊದಲು, ಸೋಂಕಿನದು ಆಮೇಲೆ, ಒಂದಕ್ಕೆ ಉಣಿಸುವ ದ್ರವದ ಬಾಟಲಿ ಇನ್ನೊಂದರ ಹತ್ತಿರ ಸುಳಿಯಬಾರದು.

ಆ ಕೋಣೆಗೆ ಹೋಗುತ್ತಿದ್ದವರು ಇಬ್ಬರೇ. ಇನ್ನೊಬ್ಬಳು ಅಕ್ಕ. ಒಡಹುಟ್ಟಿದವಳೇನಲ್ಲ, ಮೊದಲು ಸೇರಿದ ಸಂಶೋಧಕಿ. ಪಿಪೆಟ್ ಹಿಡಿಯಲು ಕಲಿಸಿದವಳು, 'ಪುಟ್ಟಿ' ಎಂದು ಕರೆದು ಅದೇ ಹೆಸರು ಎಲ್ಲರ ಬಾಯಲ್ಲೂ ಉಳಿಯುವಂತೆ ಮಾಡಿದವಳು.

"ಅಕ್ಕಾ, ಹೋದ ವಾರ ನನ್ನ ಬಾಟ್ಲಿ ಮುಟ್ಟಿದ್ರಾ?"

"ಇದೇನೇ, ಮುಟ್ಟಿದ್ರಾ ಗಿಟ್ಟಿದ್ರಾ ಅಂತ ಮರ್ಯಾದೆ? ಮುಟ್ಟಿರಬೇಕು, ನಂದು ಖಾಲಿಯಾಗಿತ್ತು. ಅದಕ್ಕೇನು ಚಿನ್ನ ಮೆತ್ತಿದ್ಯಾ?" ಅಕ್ಕ ನಕ್ಕಳು.

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸಿ ಯಾವಾಗಲೂ ನಗುಮುಖದ ಸೊಸೆಯಾಗಿಯೇ ಬರುತ್ತಿದ್ದಳು. ಪಾದ ಹಿಂದುಮುಂದಾಗಿದೆಯೇ ಎಂದು ನೋಡಿಯೇ ಗುರುತು ಹಿಡಿಯಬೇಕು. ತನಗೇ ನಾಚಿಕೆಯಾದರೂ ಪುಟ್ಟಿ ಬಗ್ಗಿ ನೋಡಿದಳು. ಸವೆದ ಚಪ್ಪಲಿ, ಹೆಬ್ಬೆರಳ ಬಳಿ ಹರಿದ ಕಾಲುಚೀಲ. ಅದರಿಂದೇನೂ ತಿಳಿಯಲಿಲ್ಲ. ಆದರೆ ಹಳೆಯ ತಮಾಷೆಗಳೆಲ್ಲ ಒಂದೊಂದಾಗಿ ಎದ್ದು ಕೂತವು. "ನೀನು ಡಾಕ್ಟರಮ್ಮ ಆಗ್ಬಿಡ್ತೀಯ, ನಾನಿಲ್ಲೇ ಬೇರು ಬಿಟ್ಟಿರ್ತೀನಿ" ಎಂದು ಅಕ್ಕ ಅಂದದ್ದು ನಿಜಕ್ಕೂ ತಮಾಷೆಯೇ?

ಪುಟ್ಟಿ ತನ್ನ ಮಾರ್ಗದರ್ಶಕಿ ಮೇಡಂ ಕೋಣೆಯ ಬಾಗಿಲು ತಟ್ಟಿ, ಅಕ್ಕನ ಮೇಲಿನ ಅನುಮಾನ ಹೇಳಿದಳು.

"ಸಾಕ್ಷಿ ಇದೆಯೇನಮ್ಮ?" ಮೇಡಂ ಕನ್ನಡಕ ತೆಗೆದರು.

"ತೋರಿಸ್ತೀನಿ ಮೇಡಂ."

"ಸರಿ. ಅಲ್ಲೀವರೆಗೂ ಅವಳು ಒಳಗೆ ಹೋಗೋದು ಬೇಡ."

ಅಕ್ಕ ಜಗಳವಾಡಲಿಲ್ಲ. ಕಾರಿಡಾರಿನಲ್ಲಿ ತಡೆದು ನಿಲ್ಲಿಸಿ ಇಷ್ಟೇ ಕೇಳಿದಳು: "ನನ್ನ ಕೋಶಗಳಿಗೊಂದಿಷ್ಟು ಊಟ ಹಾಕ್ತೀಯೇನೇ? ಸೊರಗಿ ಸತ್ತೋಗ್ತವೆ."

"ನಾನು ಮುಟ್ಟಿದ್ರೆ ನಾಳೆ ನನ್ನ ಮೇಲೆ ಬರುತ್ತೆ."

ಅಕ್ಕ ಅವಳ ಮುಖವನ್ನೇ ನೋಡಿ, "ಅದೂ ನಿಜ" ಎಂದು ಹೊರಟುಹೋದಳು.

ಸಾಕ್ಷಿಗೆ ಪುಟ್ಟಿ ದಾರಿ ಕಂಡುಕೊಂಡಿದ್ದಳು. ಅಕ್ಕ ಇಲ್ಲಿ ಕಾಲಿಡುವ ಮೊದಲೇ ಯಾರೋ ಹೆಪ್ಪುಗಟ್ಟಿಸಿಟ್ಟ ಇದೇ ತಳಿಯ ಕೋಶಗಳ ಸೀಸೆಯೊಂದು ಶೀತಲ ತೊಟ್ಟಿಯ ತಳದಲ್ಲಿತ್ತು. ಅದು ಕತ್ತಲೆಯಾಗಿ ಕಂಡರೆ ಮುಗಿಯಿತು: ಕೊಳೆ ಆಮೇಲೆ ಬಂದದ್ದು, ತಂದವಳು ಅಕ್ಕ. ಕರಗಿಸಿ, ಹೊಸ ಬಾಟಲಿಯ ದ್ರವ ಉಣಿಸಿ, ಯಾರೂ ಮುಟ್ಟದಂತೆ ಕಾದಳು. ಅಕ್ಕನ ಕೋಶಗಳು ಪಕ್ಕದ ತಟ್ಟೆಯಲ್ಲೇ ಮುದುರಿ, ತಳ ಬಿಟ್ಟು ತೇಲತೊಡಗಿದ್ದವು. ಅವಳು ಅದರ ಮೇಲೊಂದು ಕಾಗದ ಮುಚ್ಚಿದಳು.

ಹಳೆಯ ಸೀಸೆಯ ಕೋಶಗಳೂ ಹಸಿರಾಗಿ ಹೊಳೆದವು.

ಮತ್ತೊಂದು ಪರೀಕ್ಷೆ ಮಾಡಿಸಿದಾಗ ತಿಳಿಯಿತು, ಅದು ಅವಳ ವೈರಸ್ಸೇ ಅಲ್ಲ. ಸೊಳ್ಳೆಗಳಲ್ಲಷ್ಟೇ ಇರುವ, ಮನುಷ್ಯರ ತಂಟೆಗೆ ಬರದ ಬೇರೊಂದು; ಹತ್ತಿರದ ಬಳಗದ್ದಾದ್ದರಿಂದ ಹಸಿರು ಬಣ್ಣ ಅದಕ್ಕೂ ಅಂಟಿತ್ತು. ಯಾವುದೋ ಕಾಲದಲ್ಲಿ ಸೊಳ್ಳೆಯಿಂದ ಕೋಶ ತೆಗೆದ ದಿನದಿಂದಲೂ ಒಳಗೇ ಇತ್ತು.

"ಯಾರೂ ತಂದು ಹಾಕಿದ್ದಲ್ಲಮ್ಮ ಇದು. ಹುಟ್ಟುಮಚ್ಚೆ," ಎಂದರು ಮೇಡಂ. "ಪ್ರಬಂಧ ಅರ್ಧ ತಿರುಗಿ ಬರೀಬೇಕಾಗುತ್ತೆ. ಬರೆಯೋಣ. ಅವಳಿಗೆ ನೀನೇ ಹೋಗಿ ಹೇಳು."

ಅಕ್ಕ ಸಿಂಕಿನ ಮುಂದೆ ಗಾಜಿನ ಸಾಮಾನು ತೊಳೆಯುತ್ತಿದ್ದಳು. ಪುಟ್ಟಿ ಎಲ್ಲ ಹೇಳಿ, "ತಪ್ಪಾಯ್ತಕ್ಕಾ" ಎಂದಳು.

"ಬಿಡೇ, ಹೋಗ್ಲಿ. ಸದ್ಯ, ಸೊಳ್ಳೆ ಮೇಲೆ ಹೋಯ್ತಲ್ಲ ಆಪಾದನೆ." ಅದೇ ನಗು.

ಮರುದಿನ ಇಬ್ಬರೂ ಒಟ್ಟಿಗೇ ಒಳಗೆ ಹೋದರು. ಅಕ್ಕ ಕೈಗವಸು ಹಾಕಿಕೊಂಡು, ಕೋಶಗಳಿಗೆ ಉಣಿಸುವ ಗಾಜಿನ ಗೂಡಿನ ಮುಂದೆ ಕೂತಳು. ಮುಚ್ಚಳ ತೆರೆಯುವ ಮೊದಲು ಎರಡೂ ಅಂಗೈ ತಿರುಗಿಸಿ ತೋರಿಸಿದಳು. "ಬಾ, ನೋಡ್ಕೋ. ಮೊದಲು ಶುದ್ಧದ್ದು. ಸರೀನಾ?"

"ಅಯ್ಯೋ, ಹಾಗೆಲ್ಲ ಯಾಕಕ್ಕಾ..."

"ಇರ್ಲಿ, ನೋಡು."

ಪುಟ್ಟಿ ನೋಡಲಿಲ್ಲ. ಬೆನ್ನು ತಿರುಗಿಸಿ ತನ್ನ ತಟ್ಟೆಗಳನ್ನು ಜೋಡಿಸತೊಡಗಿದಳು. ಎದುರಿಗಿದ್ದ ಇನ್‌ಕ್ಯುಬೇಟರಿನ ಉಕ್ಕಿನ ಬಾಗಿಲಲ್ಲಿ ಅಕ್ಕನ ಎರಡು ಕೈಗಳೂ ಮಸುಕಾಗಿ ಆಡುತ್ತಿದ್ದವು. ಅವು ಯಾವ ಬಾಟಲಿಯ ಕಡೆಗೆ ಹೋಗುತ್ತವೆಂದು ಅವಳು ಅಲ್ಲಿಂದಲೇ ನೋಡುತ್ತ ನಿಂತಳು.