ಮಗುವಿಗೆ ಹದಿನೆಂಟು ತುಂಬುವವರೆಗೆ

ಈ ಗೌನಿನ ಹೊಲಿಗೆ ಇನ್ನೆರಡು ಒಗೆತಕ್ಕೆ ಬಿಟ್ಟುಕೊಳ್ಳುತ್ತದೆ, ಕಂಕುಳ ಹತ್ತಿರ ಆಗಲೇ ದಾರ ಇಣುಕುತ್ತಿದೆ, ಯಾರೋ ಗಡಿಬಿಡಿಯಲ್ಲಿ ಹೊಲಿದು ಎಸೆದದ್ದು, ಕೊನೆಗೊಂದು ಗಂಟು ಹಾಕುವಷ್ಟೂ ಪುರುಸೊತ್ತಿಲ್ಲ ಮಹಾರಾಯನಿಗೆ — ಮೂವತ್ತೊಂದು ವರ್ಷ ಹೊಲಿಗೆ ಮಿಷನ್ ತುಳಿದವಳ ಕಣ್ಣು, ಸಾಯಲಿಕ್ಕೆ ಮಲಗಿದಾಗಲೂ ಹೊಲಿಗೆಯನ್ನೇ ನೋಡುತ್ತದೆ, ಥೂ, ಸಾಯಲಿಕ್ಕೆ ಅಂತ ಯಾಕನ್ನಬೇಕು, ಬಿಡ್ತು ಅನ್ನು, ಎಂದು ತನಗೆ ತಾನೇ ಗದರಿಕೊಂಡಳು, ಸ್ಟ್ರೆಚರಿನ ಕಂಬಿ ತಣ್ಣಗೆ ಮೊಣಕೈಗೆ ತಾಗುತ್ತಿದೆ, ಎದೆಯೊಳಗಿನ ಕವಾಟವೊಂದು ಸರಿಯಾಗಿ ಮುಚ್ಚುತ್ತಿಲ್ಲವಂತೆ, ಅದನ್ನು ತೆಗೆದು ಹೊಸದು ಹಾಕುತ್ತಾರಂತೆ, ಕೆಟ್ಟ ಜಿಪ್ಪು ಬಿಚ್ಚಿ ಬೇರೆ ಕೂರಿಸಿದ ಹಾಗೆ, ನೂರಕ್ಕೆ ತೊಂಬತ್ತೈದು ಜನ ನಡ್ಕೊಂಡೇ ಮನೆಗೆ ಹೋಗ್ತಾರಮ್ಮ ಅಂದಿದ್ದರು ಡಾಕ್ಟರು, ಉಳಿದ ಐದು ಜನ ಹೇಗೆ ಹೋಗ್ತಾರೆ ಅಂತ ಕೇಳಬೇಕೆಂದಿತ್ತು, ಹೋದರೆ ಹೋಗಲಿ, ತನ್ನ ಕೆಲಸ ಮುಗಿದಿದೆ, ಕಾಗದಪತ್ರ ಎಲ್ಲ ಆಗಿದೆ, ಕೆಳಗಿನ ಅಂಗಡಿ, ಮೇಲಿನ ಮನೆ, ಎರಡೂ ಟ್ರಸ್ಟಿಗೆ ಸೇರಿ ಇಪ್ಪತ್ತು ದಿನವಾಯಿತು, ಪಾಪುವಿಗೆ ತಲೆಯ ಮೇಲೊಂದು ಸೂರು ಯಾವತ್ತೂ ಇರುತ್ತದೆ, ಯಾರಪ್ಪನಿಂದಲೂ ಕಿತ್ತುಕೊಳ್ಳಲಿಕ್ಕಾಗುವುದಿಲ್ಲ — ನರ್ಸ್ ಬಂದು ತೋಳಿಗೆ ಸೂಜಿ ಚುಚ್ಚಿದಳು, ಇದು ಹೆದರಿಕೆ ಹೋಗೋಕೆ ಅಮ್ಮ, ಸ್ವಲ್ಪ ತೂಕಡಿಕೆ ಬರುತ್ತೆ, ಆಮೇಲೆ ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ಒಂದೊಂದೇ ಕೇಳುತ್ತಾ ಹೋದಳು, ಕೃತಕ ಹಲ್ಲು ಇದೆಯಾ, ಇಲ್ಲ, ಬೆಳಿಗ್ಗೆಯಿಂದ ನೀರು ಕುಡಿದ್ರಾ, ಇಲ್ಲ, ಮಕ್ಕಳೆಷ್ಟು, ಒಂದು ಮಗು, ವಯಸ್ಸು, ಮೂವತ್ನಾಲ್ಕು. ನರ್ಸಿನ ಪೆನ್ನು ನಿಂತಿತು. ಅಯ್ಯೋ, ಮೂವತ್ನಾಲ್ಕು ವರ್ಷದ್ದು ಮಗುನೇನಮ್ಮ, ಹಾಗಾದ್ರೆ ನಾನಿನ್ನೂ ಹುಟ್ಟೇ ಇಲ್ಲ ಬಿಡಿ, ಎಂದು ಕಿಸಕ್ಕನೆ ನಕ್ಕು ಪರದೆ ಸರಿಸಿ ಪಕ್ಕದ ಹಾಸಿಗೆಗೆ ಹೋದಳು.

ಅವಳೂ ನಕ್ಕಳು, ಅರ್ಧ ನಗು ಬಾಯಲ್ಲಿರುವಾಗಲೇ ಎದೆ ಧಸಕ್ಕೆಂದಿತು, ಕೆಟ್ಟ ಕವಾಟದ ಧಸಕ್ಕಲ್ಲ ಇದು, ಬೇರೆ — ಮಗು, ಹೌದಲ್ಲ, ಪತ್ರದಲ್ಲಿ ಏನಂತ ಬರೆದಿದೆ, ಮಗು ಅಂತಲೇ ಇದೆ, ಮೇಲ್ಕಂಡ ಮಗುವಿಗೆ, ಪುಟ ಮೂರು, ಕಲಂ ಏಳು, ವಕೀಲರ ಟೈಪಿಸ್ಟು ಮೂಗಿನಲ್ಲಿ ರಾಗ ಎಳೆಯುತ್ತಾ ಓದಿದ್ದು ಕಿವಿಯಲ್ಲೇ ಇದೆ, ಮೇಲ್ಕಂಡ ಮಗುವಿಗೆ ಹದಿನೆಂಟು ವರ್ಷ ತುಂಬುವವರೆಗೆ ಸದರಿ ಸ್ವತ್ತನ್ನು ಟ್ರಸ್ಟಿಯು ಕಾಯತಕ್ಕದ್ದು, ತುಂಬಿದ ಕೂಡಲೇ ಟ್ರಸ್ಟ್ ಮುಕ್ತಾಯಗೊಂಡು ಸ್ವತ್ತು ಸಂಪೂರ್ಣವಾಗಿ ಮಗುವಿನ ಕೈ ಸೇರತಕ್ಕದ್ದು — ಕೈ ಸೇರತಕ್ಕದ್ದು ಅಂದಾಗ ಅವಳಿಗೆ ಅಳು ಒತ್ತರಿಸಿ ಬಂದಿತ್ತು, ಸಂತೋಷಕ್ಕೆ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವ ಗಲಾಟೆಯಲ್ಲಿ ಹದಿನೆಂಟು ಅನ್ನುವ ಮಾತು ಕಿವಿಯ ಮೇಲೆ ಬಿದ್ದು ಹಾಗೇ ಜಾರಿಹೋಯಿತು, ಹದಿನೆಂಟು! ಪಾಪುವಿಗೆ ಹದಿನೆಂಟು ತುಂಬಿ ಹದಿನಾರು ವರ್ಷವಾಯಿತು, ಅಂದರೆ ಟ್ರಸ್ಟು ಹುಟ್ಟಿದ ದಿನವೇ ಸತ್ತಿದೆ, ಬೀಗ ಹಾಕಿಕೊಂಡು ಬಂದೆ ಅಂದುಕೊಂಡಿದ್ದಳು, ಅಲ್ಲಿ ಬಾಗಿಲೇ ಇರಲಿಲ್ಲ. ಯಾರ ತಪ್ಪು, ವಕೀಲರದೇ, ಟೈಪಿಸ್ಟಿನದೇ, ಅವರಿಗೇನು ಗೊತ್ತು ಪಾಪ, ಪಾಪುವನ್ನು ಅವರು ಕಂಡವರೇ ಅಲ್ಲ, ಒಂದು ದಿನವೂ ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ ಇವಳು, ಮೆಟ್ಟಿಲು ಕಡಿದಾಗಿದೆ, ಮಗು ಹತ್ತೋಕಾಗಲ್ಲ ಅಂದಳು, ನಮ್ಮ ಮಗು ತುಂಬ ಮುಗ್ಧ ಸಾರ್ ಅಂದಳು, ನಾನಿಲ್ಲದಿದ್ರೆ ಮಗುಗೆ ಯಾರು ಸಾರ್ ಅಂದಳು, ಐದು ಸಲ ಹೋದಾಗಲೂ ಮಗು, ಮಗು, ಮಗು, ಮಗಳು ಅಂದಿದ್ದರೆ ಎಷ್ಟು ವರ್ಷ ಅಂತ ಕೇಳುತ್ತಿದ್ದರು, ಏನು ಓದಿದಾಳೆ ಅಂತ ಕೇಳುತ್ತಿದ್ದರು, ಆಗ ಹೇಳಬೇಕಾಗುತ್ತಿತ್ತು, ಇಲ್ಲ ಸಾರ್, ಮೈ ಬೆಳೆದಿದೆ, ಬುದ್ಧಿ ಐದು ವರ್ಷಕ್ಕೇ ನಿಂತಿದೆ ಅಂತ, ಇಷ್ಟು ವರ್ಷದಿಂದ ಆ ಒಂದು ಮಾತು ಹೊರಗಿನವರ ಮುಂದೆ ಆಡದೆ ತಪ್ಪಿಸಿಕೊಂಡು ಬಂದಿದ್ದಾಳೆ, ಮಗು ಅಂದುಬಿಟ್ಟರೆ ಎಲ್ಲವೂ ಮುಚ್ಚಿಹೋಗುತ್ತದೆ, ಯಾರೂ ಮುಂದಕ್ಕೆ ಕೇಳುವುದಿಲ್ಲ. ಅವರೂ ಕೇಳಲಿಲ್ಲ.

ಆದರೆ ತಮ್ಮ ಕೇಳಬೇಕಿತ್ತು, ತಮ್ಮ ಇದ್ದನಲ್ಲ ಪಕ್ಕದ ಕುರ್ಚಿಯಲ್ಲೇ, ಅವನೇ ಟ್ರಸ್ಟಿ, ಇಬ್ಬರು ಟ್ರಸ್ಟಿ ಇಟ್ಕೊಳ್ಳಿ ಅಮ್ಮ, ಒಬ್ಬರ ಮೇಲೇ ಬಿಡಬೇಡಿ ಅಂತ ವಕೀಲರು ಬಡಿದುಕೊಂಡರೂ, ಒಡಹುಟ್ಟಿದ ತಮ್ಮನೇ ಇರುವಾಗ ಇನ್ನೊಬ್ಬರು ಯಾಕೆ ಸಾರ್ ಅಂತ ತಾನೇ ಬಾಯಿ ಮುಚ್ಚಿಸಿದ್ದು, ಎತ್ತಿ ಆಡಿಸಿದ ತಮ್ಮ, ಅವನ ಮೊದಲ ಪ್ಯಾಂಟು ಹೊಲಿದದ್ದೇ ಅವಳು — ಪ್ರೆಸ್ಸಿನಲ್ಲಿ ಪ್ರೂಫ್ ನೋಡುವುದು ಅವನ ಕೆಲಸ, ಇಪ್ಪತ್ತಾರು ವರ್ಷದಿಂದ ಅದೇ, ಜೇಬಿನಲ್ಲಿ ಕೆಂಪು ಪೆನ್ನಿಲ್ಲದೆ ಊಟಕ್ಕೂ ಕೂರುವವನಲ್ಲ, ಒಂದು ಕೊಂಬು ಬಿಟ್ಟುಹೋದರೂ ಹಿಡಿಯುತ್ತಾನೆ ಅಂತ ಮನೆಮಂದಿಯೆಲ್ಲ ಕೊಂಬು ಅಂತಲೇ ಕರೆಯುವುದು, ಪಾಪುವಿಗೆ ಅವನು ಕೊಂಬು ಮಾವ, ತಲೆಯ ಮೇಲೆ ಎರಡು ಬೆರಳಿಟ್ಟುಕೊಂಡು ಅವಳನ್ನು ಅಟ್ಟಿಸಿಕೊಂಡು ಹೋಗುತ್ತಾನೆ, ಅವಳು ಬಿದ್ದುಬಿದ್ದು ನಗುತ್ತಾಳೆ. ಆವತ್ತು ಪತ್ರ ಅವನ ಕೈಗೆ ಕೊಟ್ಟಾಗ ಮೂರು ತಪ್ಪು ಹಿಡಿದ, ಒಂದು ಒತ್ತಕ್ಷರ, ಒಂದು ದೀರ್ಘ, ಅಂಗಡಿಯ ಅಳತೆಯಲ್ಲಿ ಒಂದು ಚುಕ್ಕೆ, ಏನ್ರೀ ಟೈಪ್ ಮಾಡೋದು ನೀವು, ಕಣ್ಣೋ ಗುಂಡಿಯೋ, ಎಂದು ಟೈಪಿಸ್ಟಿನ ಕಾಲೆಳೆದ, ಆ ಹುಡುಗಿ ಕೆಂಪಾಗಿ, ಮಗು ವಯಸ್ಸು ಖಾಲಿ ಬಿಟ್ಟಿದೀನಿ ಸಾರ್, ನೀವೇ ತುಂಬಿಬಿಡಿ ಅಂದಳು, ತಮ್ಮ ತುಂಬಿದ, ಮೂವತ್ತನಾಲ್ಕು ಅಂತ, ಮುತ್ತು ಪೋಣಿಸಿದಂಥ ಅಕ್ಷರ ಅವನದು, ಮೂವತ್ತನಾಲ್ಕು ಅಂತ ಬರೆದ ಕೈ ಮೂರನೇ ಪುಟಕ್ಕೆ ಬಂದು ಹದಿನೆಂಟನ್ನು ದಾಟಿಕೊಂಡು ಹೋಯಿತೇ, ಮದುವೆ ಕಾಗದದಲ್ಲಿ ಒಂದು ಸೊನ್ನೆ ವಾರೆಯಾಗಿದ್ದಕ್ಕೆ ಸಾವಿರ ಪ್ರತಿ ವಾಪಸು ಕಳಿಸಿದವನು. ಇಲ್ಲ ಇಲ್ಲ, ಅವನಿಗೂ ಕಂಡಿರಲಿಕ್ಕಿಲ್ಲ, ಅವನಿಗೂ ಅವಳು ಮಗುವೇ ತಾನೆ, ನಮ್ಮ ಮನೆಯವರಿಗೆ ಆ ಶಬ್ದದಲ್ಲಿ ತಪ್ಪು ಕಾಣುವುದೇ ಇಲ್ಲ, ದಿನಾ ಬಾಯಲ್ಲಿ ಹೊರಳುವುದು ಕಣ್ಣಿಗೆ ಹೇಗೆ ಬಿದ್ದೀತು — ಅಂದರೂ, ಅಂದರೂ, ಹೋದ ವರ್ಷ ಅಂಗಡಿಯ ಹೊಸ್ತಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿ ಏನಂದಿದ್ದ, ಇಂಥದ್ದೊಂದು ಜಾಗ ಸಿಕ್ಕಿದ್ರೆ ಸ್ವಂತ ಪ್ರೆಸ್ ಇಟ್ಟುಬಿಡ್ತಿದ್ದೆ ಕಣಕ್ಕ, ಇವಳು ನಕ್ಕು, ನಾನು ಗೊಟಕ್ ಅಂದಮೇಲೆ ಇಡುವೆಯಂತೆ ಅಂದಿದ್ದಳು, ಅವನೂ ನಕ್ಕಿದ್ದ.

ಅಂಗಾಲು ತಣ್ಣಗಾಗಿದೆ, ಸೂಜಿಯ ಮದ್ದು ಏರುತ್ತಿರಬೇಕು, ಹೆದರಿಕೆ ಹೋಗೋಕೆ ಅಂದಳಲ್ಲ, ಹೆದರಿಕೆ ಹಾಗೇ ಇದೆ, ಮಾತು ಮಾತ್ರ ದಪ್ಪವಾಗುತ್ತಿದೆ — ಈಗ ಆ ಮನೆ, ಆ ಅಂಗಡಿ ಯಾರದು, ಪಾಪುವಿನದು, ಸಂಪೂರ್ಣವಾಗಿ, ಕಾಯುವವರು ಯಾರೂ ಇಲ್ಲ, ಪಾಪು, ಕೇಳಿದವರಿಗೆ ಕೇಳಿದ್ದು ಕೊಡುವವಳು, ಬೀದಿಯಲ್ಲಿ ಹೋಗುವವಳೊಬ್ಬಳು ಬಳೆ ಚೆನ್ನಾಗಿದೆ ಅಂದಳೆಂದು ಎರಡೂ ಕೈಯದನ್ನು ಬಿಚ್ಚಿಕೊಟ್ಟು ಬಂದವಳು, ಕೊಟ್ಟುಬಿಟ್ಟೆ ಅಮ್ಮ, ಅವರು ನಕ್ಕರು ಅಮ್ಮ ಅಂತ ಕುಣಿದವಳು, ಇನ್ನು ಹೆಬ್ಬೆಟ್ಟು ಒತ್ತು ಚಿನ್ನಾ ಅಂದರೆ ಮುಗಿದೇ ಹೋಯಿತು, ಒಂದು ಕೇಳಿದರೆ ಹತ್ತು ಒತ್ತುತ್ತಾಳೆ, ಬ್ಯಾಂಕಿನಲ್ಲಿ ಒಂದು ಸಲ ಒತ್ತಿಸಿದ ಮೇಲೆ ವಾರವೆಲ್ಲ ಅದೇ ಆಟ, ಗೋಡೆಗೆ ಒತ್ತು, ತಟ್ಟೆಗೆ ಒತ್ತು, ಅಮ್ಮನ ಕೆನ್ನೆಗೆ ಒತ್ತು. ಒಂದು ಕಾಗದ ಅವಳ ಮುಂದಿಟ್ಟರೆ ಸಾಕು, ಆಮೇಲೆ ಎಲ್ಲಿ ಮಲಗುತ್ತಾಳೆ, ದೀಪ ಆರಿಸಿದರೆ ಕಿರುಚುವವಳು, ಅನ್ನ ಕಲಸಿ ಕೊಡದಿದ್ದರೆ ತಟ್ಟೆ ನೋಡುತ್ತಾ ಕೂರುವವಳು, ತಿಂಗಳ ಮೂರು ದಿನ ಯಾರು ನೋಡುತ್ತಾರೆ ಅವಳನ್ನು, ಯಾರ ಮನೆಯ ಯಾವ ಮೂಲೆಯಲ್ಲಿ, ಯಾರ ಬೈಗುಳ ತಿಂದುಕೊಂಡು — ಏಳಬೇಕು, ಈಗಲೇ ಏಳಬೇಕು, ಸಿಸ್ಟರ್, ಎಂದು ಕೂಗಿದಳು, ಆಪರೇಷನ್ ಇವತ್ತು ಬೇಡ, ನನಗೆ ವಕೀಲರ ಹತ್ರ ಮಾತಾಡ್ಬೇಕು, ನನ್ನ ಫೋನು ಎಲ್ಲಿ, ನರ್ಸ್ ಓಡಿಬಂದು ಭುಜ ಹಿಡಿದು ಮಲಗಿಸಿದಳು, ಎಲ್ಲರಿಗೂ ಹೀಗೇ ಆಗುತ್ತೆ ಅಮ್ಮ, ಒಳಗೆ ಹೋಗೋ ಹೊತ್ತಿಗೆ ಬೇಡ ಅನ್ಸುತ್ತೆ, ಫೋನು ನಿಮ್ಮ ತಮ್ಮನ ಹತ್ರಾನೇ ಇದೆ, ಒಂದು ನಿಮಿಷ ಅವರನ್ನೇ ಕರೀತೀನಿ, ನೋಡಿದ್ರೆ ಧೈರ್ಯ ಬರುತ್ತೆ. ಬೇಡ ಎನ್ನುವಷ್ಟರಲ್ಲಿ ಅವಳು ಪರದೆಯಾಚೆ ಇದ್ದಳು.

ತಮ್ಮ ಬಂದ, ಚಪ್ಪಲಿ ಬಿಚ್ಚಿಸಿ ನೀಲಿ ಚೀಲ ತೊಡಿಸಿದ್ದಾರೆ ಕಾಲಿಗೆ, ನಡೆದರೆ ಚರಚರ ಅನ್ನುತ್ತದೆ, ಏನಕ್ಕ, ಹುಲಿ ಥರ ಇದ್ದೋಳು ಇಲಿ ಆಗ್ಬಿಟ್ಟೆಯಲ್ಲ, ಎಂದು ಹಣೆಯ ಕೂದಲು ಸರಿಸಿದ, ಅದೇ ಕೈ, ಅದೇ ಬೆಚ್ಚಗಿನ ಕೈ, ಅವಳಿಗೆ ಒಂದು ಕ್ಷಣ ನಾಚಿಕೆಯಾಯಿತು, ಛೇ, ಎಂಥ ಕೊಳಕು ಯೋಚನೆ, ಒಡಹುಟ್ಟಿದವನ ಮೇಲೆ — ಪಾಪು ಎಲ್ಲೋ, ಹೊರಗೆ ಬೆಂಚಿನ ಮೇಲೆ ಇದಾಳಕ್ಕ, ಬಿಸ್ಕತ್ತು ತಿಂತಿದಾಳೆ, ಲೋ, ಆ ಪತ್ರ, ಅದರಲ್ಲಿ ಪಾಪು ವಯಸ್ಸು, ಅಷ್ಟೇ ಹೇಳಿದ್ದು ಅವಳು, ನಾಲಿಗೆ ಅಂಟಿಕೊಂಡು ಮುಂದಿನದು ಬರಲಿಲ್ಲ, ತಮ್ಮನ ಕೈ ಹಣೆಯ ಮೇಲೆ ನಿಂತಿತು, ಅದಾ, ಅಂದ, ಕಲಂ ಏಳು ತಾನೆ, ತಿದ್ದೋಣ ಬಿಡಕ್ಕ, ನೀನು ಮೊದ್ಲು ಹುಷಾರಾಗಿ ಹೊರಗೆ ಬಾ. ಮತ್ತೆ ಚರಚರ ಚರಚರ, ಹೋದ.

ಕಲಂ ಏಳು ಅಂತ ಅವಳು ಹೇಳಿರಲಿಲ್ಲ. ಹೇಳಿದ್ದಳೇ, ಇಲ್ಲ, ವಯಸ್ಸು ಅಂದದ್ದು, ವಯಸ್ಸು ಇರುವುದು ಮೊದಲ ಪುಟದಲ್ಲಿ, ಅವನು ಬರೆದದ್ದು, ಅಯ್ಯೋ ದೇವರೇ, ಗೊತ್ತಿತ್ತು ಅವನಿಗೆ, ಎಂದಿನಿಂದ ಗೊತ್ತಿತ್ತು, ಆವತ್ತೇ ಗೊತ್ತಿತ್ತೋ ಆಮೇಲೆ ಓದಿದನೋ, ಆಮೇಲಾದರೆ ಯಾಕೆ ಹೇಳಲಿಲ್ಲ, ಕಾಯಿಲೆಯವಳಿಗೆ ಯಾಕೆ ಚಿಂತೆ ಅಂತ ಸುಮ್ಮನಿದ್ದನೇ, ಹಾಗೂ ಇರಬಹುದು, ಒಳ್ಳೆಯವನು, ಒಳ್ಳೆಯವನೇ ಇರಬೇಕು, ಇರದಿದ್ದರೆ — ಸಿಸ್ಟರ್, ನಿನ್ನ ದಮ್ಮಯ್ಯ, ಒಂದು ಮಾತು ಬರ್ಕೊಳಮ್ಮ, ಮಗು ಅಲ್ಲ, ಮಗಳು, ಹದಿನೆಂಟಲ್ಲ, ಬದುಕಿರೋವರೆಗೆ, ಬರ್ದ್ಯಾ, ಬರ್ದೆ ಅಮ್ಮ, ನರ್ಸ್ ಒಳ್ಳೆಯ ಹುಡುಗಿ, ಹಲಗೆಯ ಮೂಲೆಯಿಂದ ಚೀಟಿ ಹರಿದು ಬರೆದು ಓದಿಯೂ ತೋರಿಸಿದಳು, ಕೇಳಿ ಇವಳ ಕಣ್ಣಲ್ಲಿ ನೀರು ಬಂತು, ವಕೀಲರಿಗೆ ಕೊಡ್ಬೇಕು ಅಂದಳು, ಅಂದಳೋ ಅಂದುಕೊಂಡಳೋ, ಆಯ್ತಮ್ಮ, ಚಿಂತೆ ಬಿಡಿ, ನಿಮ್ಮ ತಮ್ಮನ ಕೈಗೇ ಕೊಟ್ಟುಬಿಡ್ತೀನಿ. ಅವನಿಗಲ್ಲ, ಅವನಿಗಲ್ಲ, ತುಟಿ ಮಿಸುಕುತ್ತಿದೆ, ದನಿ ಇಲ್ಲ, ಸ್ಟ್ರೆಚರಿನ ಗಾಲಿ ಹೊರಳಿತು, ಪರದೆ, ಬಾಗಿಲು, ಉದ್ದನೆಯ ಓಣಿ, ಬೆಂಚು, ಬೆಂಚಿನಿಂದ ಧಡಕ್ಕನೆ ಎದ್ದ ಪಾಪು, ಎರಡು ಜಡೆ, ಬೆಳಿಗ್ಗೆ ತಾನೇ ಹೆಣೆದದ್ದು, ಜಡೆಯ ತುಂಬ ಅಲ್ಲಲ್ಲಿ ಬಿಳಿ ಕೂದಲು, ಅವಳ ಹಿಂದೆ ತಮ್ಮ ಒಂದು ಕಾಗದ ಮಡಚಿ ಜೇಬಿಗೆ ತುರುಕುತ್ತಿದ್ದಾನೆ, ನರ್ಸ್ ಕೊಟ್ಟ ಚೀಟಿ ಇರಬೇಕು, ಇಲ್ಲ, ನರ್ಸ್ ಇನ್ನೂ ಇಲ್ಲೇ ಇದ್ದಾಳೆ, ಚೀಟಿ ಅವಳ ಕೈಯಲ್ಲೇ ಇದೆ — ಅಮ್ಮಾ, ನೋಡಮ್ಮಾ, ಪಾಪು ಗಾಲಿಯ ಜೊತೆಗೇ ಓಡಿಬರುತ್ತಾ ಕೈ ಎತ್ತಿದಳು, ಕೊಂಬು ಮಾವ ಬಣ್ಣ ಹಚ್ಚಿದ, ನಾಲ್ಕು ಸಲ ಒತ್ತಿದೆ ಗೊತ್ತಾ — ಆಸ್ಪತ್ರೆಯ ಕಾಗದಕ್ಕೆಲ್ಲ ನಿನ್ನೆಯೇ ಸಹಿಯಾಗಿದೆ, ತಾನೇ ಹಾಕಿದ್ದು, ಪಾಪುವಿನದನ್ನು ಯಾರೂ ಕೇಳಿಲ್ಲ, ಯಾರೂ, ಮುಖದ ಮೇಲೆ ರಬ್ಬರಿನ ವಾಸನೆ ಬಂದು ಕೂತಿತು, ಉಸಿರು ಎಳೀರಿ ಅಮ್ಮ, ಜೋರಾಗಿ, ಬಾಗಿಲು ಮುಚ್ಚಿತು, ಮುಚ್ಚಿದರೂ ಕಾಣುತ್ತಿದೆ, ಹೆಬ್ಬೆರಳು, ನೀಲಿ, ನಗುವ ಮುಖದ ಪಕ್ಕದಲ್ಲಿ ಎತ್ತಿ ಹಿಡಿದದ್ದು, ಉಸಿರು ಎಳೀರಿ, ಹೆಬ್ಬೆರಳು, ಉಗುರಿನ ಸಂದಿಯಲ್ಲಿ ಇನ್ನೂ ಹಸಿ, ನೀಲಿ, ನಾಲ್ಕು ಸಲ, ಹೆಬ್ಬೆರಳು