ಬಸವ್ವನ ಕಾಮಾಲೆ

ಜರ್ಮನಿಯ ಬಾನ್ ಊರಿನ ಈ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನಲ್ಲಿ ನಾನು ನರ್ಸಾಗಿ ಇಪ್ಪತ್ತಾರು ವರ್ಷವಾಯಿತು. ಉಡುಪಿ ಕಡೆಯವಳು. ಕನ್ನಡದ ರೋಗಿ ಬಂದರೆ "ಜೆಸಿಂತಾಳನ್ನು ಕರೆಯಿರಿ" ಎನ್ನುತ್ತಾರೆ. ಬೈಲಹೊಂಗಲದ ಸಾವಿತ್ರವ್ವ ಬಂದಾಗಲೂ ಕರೆದರು. ಕರುಳಿನ ಕ್ಯಾನ್ಸರ್. ಜೊತೆಗೆ ಇಲ್ಲೇ ಎಂಜಿನಿಯರಾಗಿರುವ ಮಗಳು ಮೇಘಾ.

"ಸೂಜಿ ಭಾಳ ಸಣ್ಣದೈತಿ ನಿಮ್ಮದು. ಸೊಳ್ಳಿನ ಜೋರು ಕಡೀತೈತಿ" ಎಂದು ಸಾವಿತ್ರವ್ವ ನಕ್ಕಳು.

ಅವಳಿಗೆ ಕೊಡಬೇಕಾಗಿದ್ದ ಮದ್ದನ್ನು ಮೈಯೊಳಗೆ ಕರಗಿಸಲು ಒಂದು ಕಿಣ್ವ ಬೇಕು. ಅದು ಕಡಿಮೆಯಿದ್ದವರಿಗೆ ಮದ್ದೇ ವಿಷ. ಹಾಗಾಗಿ ಮೊದಲೇ ರಕ್ತ ತೆಗೆದು ವಂಶವಾಹಿ ನೋಡುತ್ತಾರೆ. ಅವಳ ವರದಿಯಲ್ಲಿ ದೋಷವಿಲ್ಲ ಎಂದು ಬಂತು.

ಫಾರ್ಮ್ ತುಂಬುವಾಗ ಕೇಳಿದೆ: "ಮನೆಯಲ್ಲಿ ಯಾರಾದ್ರೂ ಈ ಮದ್ದು ತಗೊಂಡದ್ದುಂಟಾ, ಅಮ್ಮ?"

"ನಮ್ಮ ಮನ್ಯಾಗ ಇಂಥಾ ರೋಗನ ಇಲ್ಲ ವಾ."

"ಅಕ್ಕ ತಂಗಿಯರು?"

"ಬಸವ್ವ ದೊಡ್ಡವ್ವ ಹೋಗಿದ್ದು ಕಾಮಣಿಯಿಂದ" ಎಂದಳು ಮೇಘಾ. ಕಾಮಣಿ ಎಂದರೆ ಕಾಮಾಲೆ. ಸಾವಿತ್ರವ್ವ ಸೆರಗೆಳೆದುಕೊಂಡು ಗೋಡೆ ನೋಡಿದಳು. ನನ್ನ ಕಣ್ಣಿಗೆ ಬಿತ್ತು. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು. 'ಇಲ್ಲ' ಎಂದು ಗುರುತು ಹಾಕಿದೆ.

ಎರಡು ದಿನ ಮದ್ದು ಹರಿಯಿತು. ಮನೆಗೆ ಹೋದ ಮೇಲೆ ಬಾಯಿ ಉರಿದಾಗ ಅವಳು ಕೆಂಪು ಚಟ್ನಿಯನ್ನು ದೂರಿದಳು, ನಮಗೆ ತಿಳಿಸಲಿಲ್ಲ. ಎಂಟನೆಯ ದಿನ ಹೊತ್ತು ತಂದರು. ಬಾಯಿ ತುಂಬ ಹುಣ್ಣು, ಜ್ವರ, ನಿಲ್ಲದ ಭೇದಿ.

ಬಾಯಿ ಒರೆಸುವಾಗ ನನ್ನ ಕೈ ಹಿಡಿದಳು. "ಅಕ್ಕಗೂ ಹಿಂಗ ಆಗಿತ್ತು. ಹುಬ್ಬಳ್ಳ್ಯಾಗ ಒಂದ ಸಲ ಇಂಥಾದ ಮದ್ದು ಏರಿಸಿದ್ರು, ಹನ್ನೊಂದು ದಿನಕ್ಕ ಹೋದ್ಲು. ಮೇಘಾನ ಲಗ್ನ ಗೊತ್ತಾಗಿತ್ತು. ಕ್ಯಾನ್ಸರ್ ಅಂದ್ರ ಗಂಡಿನವರು ಒಪ್ಪತಿದ್ರೇನು? ಕಾಮಣಿ ಅಂತ ಹೇಳಿದ್ವಿ."

ಓಡಿ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಹಳೆಯ ವರದಿಯನ್ನು ಮತ್ತೆ ತೆರೆದರು. ಆ ಪರೀಕ್ಷೆ ನೋಡುವುದು ವಂಶವಾಹಿಯ ನಾಲ್ಕೇ ಬದಲಾವಣೆಗಳನ್ನು. ಹೆಚ್ಚಾಗಿ ಫಿನ್‌ಲ್ಯಾಂಡ್, ಸ್ವೀಡನ್, ಜರ್ಮನಿಯಂಥ ಕಡೆಯವರ ರಕ್ತದಲ್ಲಿ ಕಾಣುವಂಥವು. "ಇವರದು ಪಟ್ಟಿಯಲ್ಲಿ ಇಲ್ಲದ್ದಿರಬೇಕು. ಅಕ್ಕನ ವಿಷಯ ಗೊತ್ತಿದ್ದರೆ ಕಿಣ್ವ ಎಷ್ಟು ಕೆಲಸ ಮಾಡುತ್ತದೆಂದೇ ಅಳೆಯುತ್ತಿದ್ದೆವು." ವಿಷ ಇಳಿಸುವ ಮದ್ದೊಂದಿದೆ. ಅದನ್ನು ಮೊದಲ ಮದ್ದು ಮುಗಿದ ನಾಲ್ಕು ದಿನದೊಳಗೆ ಕೊಡಬೇಕಿತ್ತು.

ಹದಿಮೂರನೆಯ ದಿನ ಬೆಳಿಗ್ಗೆ ಸಾವಿತ್ರವ್ವ ತೀರಿಕೊಂಡಳು. ಬಸವ್ವನಿಗೆ ನಿಜವಾಗಿ ಆದದ್ದನ್ನೂ, ಈ ದೋಷ ರಕ್ತಸಂಬಂಧಿಗಳಲ್ಲೂ ಇರಬಹುದೆಂಬುದನ್ನೂ ಡಾಕ್ಟರು ಮೇಘಾಳಿಗೆ ತಿಳಿಸಿದರು.

ಕಾರಿಡಾರಿನಲ್ಲಿ ಮೇಘಾಳ ಫೋನಿನಿಂದ ಅವಳ ಸೋದರಮಾವನ ದನಿ ಕೇಳುತ್ತಿತ್ತು. "ಊರಾಗ ಕಾಮಣಿ ಅಂತನ ಹೇಳೂಣು ವಾ. ಬಸವ್ವನ ಮಗಳು ಭೂಮಿಕಾನ್ನ ನೋಡಾಕ ಐತವಾರ ಗಂಡಿನವರು ಬರಾಕತ್ತಾರ."

ಮೇಘಾ ನನ್ನ ಕಡೆ ನೋಡಿದಳು. ತಾಯಿಯ ಚಪ್ಪಲಿ, ಬಳೆ ತುಂಬಿದ್ದ ಚೀಲ ನನ್ನ ಕೈಯಲ್ಲಿತ್ತು.

"ಮಾಮಾ, ಫೋನ್ ಭೂಮಿಕಾಗ ಕೊಡ್ರಿ."

"ಈಗ್ಯಾಕ ಆಕಿಗೆ?"

"ಕೊಡ್ರಿ ಅಂದೆ."